ನಮ್ಮ ಟ್ರಾಕ್ಟರಿನ ನೀಲಿ ಹೊಗೆ

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡೆಂದು ಕನ್ನಡದ ಅಧ್ಯಾಪಕರು ಕೇಳಿದಾಗ, "ಟ್ರಾಕ್ಟರಿನ ವಿಷಯ ಬರೆಯಲೇ ಸಾರ್?" ಎಂದೆ. ಪಕ್ಕದಲ್ಲಿದ್ದ ಮಿತ್ರರು ನಕ್ಕುಬಿಟ್ಟರು. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ಬಿ.ಎ. ವಿದ್ಯಾರ್ಥಿಗೂ ಪಿಸ್ಟನ್ನಿಗೂ ಏನು ನಂಟು ಎಂಬುದು ಆ ನಗೆಯ ಅರ್ಥವಿರಬೇಕು. ನಂಟು ಉಂಟು. ನನ್ನ ಫೀಜು, ಪುಸ್ತಕ, ಬಸ್ಸಿನ ಪಾಸು ಎಲ್ಲವನ್ನೂ ಇಷ್ಟು ದಿನ ದುಡಿದು ಕೊಟ್ಟದ್ದು ಆ ಟ್ರಾಕ್ಟರೇ. ಅದಕ್ಕೆ ಪ್ರತಿಯಾಗಿ ನಾನು ಮಾಡಿದ ಉಪಕಾರವೇನೆಂಬುದನ್ನು ಮುಂದೆ ಹೇಳುತ್ತೇನೆ.

ನಮ್ಮದು ಚಳ್ಳಕೆರೆಯ ಕಡೆಯ ಹಳ್ಳಿ. ಮಳೆ ಕಡಿಮೆ, ಕೆಂಪು ನೆಲ, ಶೇಂಗಾ ಬೆಳೆ. ಗಾಣ ಗಿರಣಿಗಳ ದೆಸೆಯಿಂದ ಚಳ್ಳಕೆರೆಗೆ ಎಣ್ಣೆಯ ಊರೆಂದು ಹೆಸರು. ನಮ್ಮ ಟ್ರಾಕ್ಟರು ಎಣ್ಣೆ ಕುಡಿಯತೊಡಗಿದಾಗ, "ಊರಿಗೆ ತಕ್ಕ ಗಾಡಿ ಬಿಡಪ್ಪ" ಎಂದು ನೆರೆಯವರು ಹಾಸ್ಯ ಮಾಡಿದರು. ಮೂರು ಸಿಲಿಂಡರು, ಮೂವತ್ತೈದು ಅಶ್ವಶಕ್ತಿಯ ಈ ಗಾಡಿಯನ್ನು ಅಪ್ಪ 2011ರಲ್ಲಿ ಕೊಂಡಾಗಲೇ ಅದು ಹಳೆಯದು. ಬಾಡಿಗೆಗೆ ಉತ್ತು ಅದರಿಂದಲೇ ಸಾಲ ತೀರಿಸಿದರು. ಆದರೆ 2025ರ ಬೇಸಿಗೆ ರಜೆಗೆ ನಾನು ಊರಿಗೆ ಹೋಗುವ ಹೊತ್ತಿಗೆ ಅದರ ಹೊಗೆ ಹೇಗಿತ್ತೆಂದರೆ, ಅಪ್ಪ ಯಾವ ಹೊಲದಲ್ಲಿದ್ದಾರೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಬೇಲಿಯ ಮೇಲೆ ನೀಲಿ ಹೊಗೆ ಕಂಡರೆ ಸಾಕು.

ಹೊಗೆಗೂ ಬಣ್ಣದ ಭಾಷೆಯೊಂದುಂಟು. ಗಾಳಿ ಸಾಲದೆ ಡೀಸೆಲ್ಲು ಹೆಚ್ಚಾದರೆ ಕಪ್ಪು. ಚಳಿಯ ಬೆಳಗಿನಲ್ಲಿ ಡೀಸೆಲ್ಲು ಉರಿಯದೆ ಹೋದರೆ, ಇಲ್ಲವೆ ಒಳಕ್ಕೆ ನೀರು ಸೇರಿದರೆ, ಬಿಳುಪು. ಎಂಜಿನ್ನಿನ ಎಣ್ಣೆಯೇ ಉರಿದರೆ ನೀಲಿ. ಅಪ್ಪ ಇದಕ್ಕೆ ಎಲ್ಲರೂ ಮಾಡುವ ಔಷಧವನ್ನೇ ಮಾಡಿದ್ದರು. ಮಂದವಾದ ಎಣ್ಣೆ ಹಾಕಿದರು. ಅಂಗಡಿಯವನು ಕೊಟ್ಟ ಡಬ್ಬಿಯ ದ್ರಾವಣವನ್ನೂ ಸುರಿದರು. ಹೊಗೆ ಎಂಟು ದಿನ ತಗ್ಗಿ ಮತ್ತೆ ಬಂತು. ಪೇಟೆಯ ಒಂದು ಕಾರ್ಖಾನೆಯವರು ಎಂಜಿನ್ನನ್ನು ಪೂರ್ತಿ ಬಿಚ್ಚಿ ಎಲ್ಲವನ್ನೂ ಹೊಸದು ಮಾಡಬೇಕು, ಅರುವತ್ತು ಸಾವಿರವಾದೀತು ಎಂದರು. ಮನೆಯಲ್ಲಿದ್ದುದು ನಲವತ್ತು ಸಾವಿರ. ಅದು ನನ್ನ ಬಿ.ಎಡ್. ಓದಿಗೆಂದು ತೆಗೆದಿಟ್ಟದ್ದು. ಅದನ್ನು ಮುಟ್ಟುವುದಿಲ್ಲ, ಗಾಡಿಯನ್ನೇ ಮಾರಿಬಿಡುತ್ತೇನೆ ಎಂದು ಅಪ್ಪ ಹಟ ಹಿಡಿದಿದ್ದರು.

ನಾನು ಒಂದು ನೋಟುಪುಸ್ತಕ ಹಿಡಿದೆ. ಮೀಟರಿನ ಗಂಟೆ ಎಷ್ಟು, ಹಾಕಿದ ಎಣ್ಣೆ ಎಷ್ಟು ಎಂದು ಬರೆಯುತ್ತ ಹೋದೆ. ಎಂಟು ಗಂಟೆಯ ಉಳುಮೆಗೆ ಒಂದು ಲೀಟರು! ಆಮೇಲೆ ಕಾಸು ಖರ್ಚಿಲ್ಲದ ಕೆಲಸಗಳನ್ನು ಒಂದೊಂದಾಗಿ ಮಾಡಿದೆ. ಎಂಜಿನ್ನಿನ ಹೊಟ್ಟೆಯ ಉಸಿರು ಹೊರಹೋಗಲೆಂದು ಇರುವ ಕೊಳವೆಯಲ್ಲಿ ಕಣಜದ ಹುಳುವೊಂದು ಮಣ್ಣಿನ ಗೂಡು ಕಟ್ಟಿಕೊಂಡಿತ್ತು. ಪಾಪ, ಮನೆ ಕಟ್ಟಲು ಅದಕ್ಕೆ ಬೇರೆ ಜಾಗ ಸಿಕ್ಕಲಿಲ್ಲ. ಉಸಿರು ಕಟ್ಟಿದರೆ ಒಳಗಿನ ಒತ್ತಡ ಏರಿ ಎಣ್ಣೆ ಮೇಲಕ್ಕೆ ನುಗ್ಗುತ್ತದೆ. ಗೂಡನ್ನು ತೆಗೆದೆ. ಎಣ್ಣೆ ನೋಡುವ ಕಡ್ಡಿಯಲ್ಲಿ ಮೇಲಿನ ಗೀಟನ್ನು ದಾಟಿ ಎಣ್ಣೆಯಿತ್ತು. "ಹೊಟ್ಟೆ ತುಂಬಾ ಇರಲಿ" ಎಂದು ಅಪ್ಪ ಹಾಕಿದ್ದು. ಹೆಚ್ಚಾದ ಎಣ್ಣೆಯನ್ನು ತಿರುಗುವ ಕ್ರ್ಯಾಂಕು ಬಡಿದು ಸಿಲಿಂಡರಿನ ಗೋಡೆಗೆ ಎರಚುತ್ತದೆ. ಅದನ್ನೂ ಇಳಿಸಿದೆ. ಒಂದು ಲೀಟರು ಹದಿಮೂರು ಗಂಟೆ ಬಂತು. ನನಗಾದ ಹಿಗ್ಗು ಹೇಳತೀರದು.

ಆ ಹಿಗ್ಗಿನಲ್ಲಿಯೇ ಗಾಳಿ ಸೋಸುವ ಡಬ್ಬಿಗೆ ಕೈಹಾಕಿದೆ. ಹಳೆಯ ಗಾಡಿಗಳಲ್ಲಿ ಇದರ ತಳದ ಬಟ್ಟಲಿನಲ್ಲಿ ಎಣ್ಣೆಯಿರುತ್ತದೆ. ಒಳಬರುವ ಗಾಳಿಯ ಧೂಳು ಆ ಎಣ್ಣೆಗೆ ಅಂಟಿ ಉಳಿಯುತ್ತದೆ. ಡಬ್ಬಿಯಿಂದ ಎಂಜಿನ್ನಿಗೆ ಹೋಗುವ ರಬ್ಬರಿನ ಕೊಳವೆಯ ಮೇಲೆ ಒಂದು ಬಟ್ಟೆಯ ಸುತ್ತು ಕಂಡಿತು. ಅವ್ವನ ಹಳೆಯ ಸೀರೆಯ ಅಂಚು. ಎದೆ ಝಲ್ಲೆಂದಿತು. ಅದನ್ನು ಕಟ್ಟಿದವನು ನಾನೇ! ಹಿಂದಿನ ವರ್ಷದ ರಜೆಯಲ್ಲಿ, ಕೊಳವೆ ಬಿರುಕು ಬಿಟ್ಟದ್ದನ್ನು ನೋಡಿ, ಹೊಸದು ತರುವವರೆಗೆ ಇರಲೆಂದು ಕಟ್ಟಿದ್ದೆ. ಕಾಲೇಜು ತೆರೆಯಿತು, ಹೊರಟುಬಂದೆ, ಮರೆತೆ. ಬಟ್ಟೆ ಬಿಚ್ಚಿ ಕೊಳವೆಯ ಒಳಗೆ ಬೆರಳಾಡಿಸಿದರೆ ಬೆರಳೆಲ್ಲ ಕೆಂಪು. ಒಂದು ವರ್ಷ ನಮ್ಮ ಹೊಲದ ಧೂಳು ಸೋಸುವ ಡಬ್ಬಿಯನ್ನು ಬಳಸಿಕೊಂಡು ನೇರವಾಗಿ ಸಿಲಿಂಡರಿಗೆ ಹೋಗಿತ್ತು. ಅಲ್ಲಿ ಅದು ಎಣ್ಣೆಯೊಡನೆ ಕಲಸಿಕೊಂಡರೆ ಸಾಣೆ ಹಿಡಿಯುವ ಪುಡಿಯೇ ಸರಿ.

ನಾಲ್ಕು ದಿನ ನಾನು ಯಾರಿಗೂ ಹೇಳಲಿಲ್ಲ. ಬಟ್ಟೆಯನ್ನು ಮತ್ತೆ ಸುತ್ತಿಟ್ಟೆ. ಕೆಲಸ ನಿಂತಿದೆ, ಗಾಡಿ ಓಡುತ್ತಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಐದನೆಯ ದಿನ ಪಕ್ಕದ ಊರಿನ ವೃದ್ಧ ಮೇಸ್ತ್ರಿಯೊಬ್ಬರು ಬಂದರು. ಎಣ್ಣೆ ಹಾಕುವ ಮುಚ್ಚಳ ತೆಗೆದು ಎಂಜಿನ್ನು ನಡೆಸಿದರು. ಬಾಯಿಂದ ಹೊಗೆ ಬುಸುಬುಸು ಬಂತು. ಇಂಜೆಕ್ಟರುಗಳನ್ನು ಬಿಚ್ಚಿ ಒತ್ತಡ ಅಳೆದರು. ಎರಡು ಸಿಲಿಂಡರುಗಳಲ್ಲಿ 24ರ ಆಸುಪಾಸು, ಮೂರನೆಯದರಲ್ಲಿ 17. ಆ ಮೂರನೆಯದಕ್ಕೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದಾಗ ಮುಳ್ಳು ಮೇಲೇರಿತು. "ಉಂಗುರ ಸವೆದದೆ. ವಾಲ್ವಿನದಾಗಿದ್ದರೆ ಏರ್ತಿರಲಿಲ್ಲ" ಎಂದರು. ಅನಂತರ ಅವರ ಕಣ್ಣು ಕೊಳವೆಗೆ ಬಿತ್ತು. ಬಟ್ಟೆಯನ್ನು ಬಿಚ್ಚಿ ಹಿಡಿದು, "ಇದನ್ನ ಕಟ್ಟಿದ ಪುಣ್ಯಾತ್ಮ ಯಾರು?" ಎಂದು ಕೇಳಿದರು.

"ನಾನು" ಎಂದೆ.

ಅಪ್ಪ ಬೈಯುತ್ತಾರೆಂದು ತಲೆ ತಗ್ಗಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ದಿನಾ ನೋಡ್ತಿದ್ದೆ. ಓದಿದೋನು ಕಟ್ಟಿದಾನೆ, ಏನೋ ಇರ್ತದೆ ಅಂತ ಬಿಚ್ಚಲಿಲ್ಲ ಕಣಪ್ಪ" ಎಂದರು. ಬೈದಿದ್ದರೇ ಚೆನ್ನಾಗಿತ್ತು.

ಎಂಜಿನ್ನನ್ನು ಬೇವಿನ ಮರದ ಕೆಳಗೆ ಬಿಚ್ಚಿದರು. ಒಂದೊಂದು ಪಿಸ್ಟನ್ನಿಗೂ ಉಂಗುರಗಳು: ಮೇಲಿನವು ಉರಿದ ಅನಿಲವನ್ನು ತಡೆದು ನಿಲ್ಲಿಸಲು, ಕೆಳಗಿನದು ಗೋಡೆಯ ಎಣ್ಣೆಯನ್ನು ಕೆರೆದು ಕೆಳಕ್ಕಿಳಿಸಲು. ಮೂರನೆಯ ಸಿಲಿಂಡರಿನ ಮೇಲಿನ ಉಂಗುರ ಹುಲ್ಲುಕಡ್ಡಿಯಂತೆ ತೆಳುವಾಗಿತ್ತು; ಕೆಳಗಿನದು ಮಸಿ ಕಟ್ಟಿ ತನ್ನ ಗಾಡಿಯಲ್ಲೇ ಸಿಕ್ಕಿಕೊಂಡಿತ್ತು. ಈ ಲೋಹದ ಉಂಗುರವನ್ನು ಬಳಕೆಗೆ ತಂದವನು 1850ರ ದಶಕದಲ್ಲಿ ಇಂಗ್ಲೆಂಡಿನ ರೈಲ್ವೆ ಎಂಜಿನಿಯರು ಜಾನ್ ರಾಮ್ಸ್‌ಬಾಟಮ್. ಅದಕ್ಕೆ ಮುಂಚೆ ಉಗಿಯಂತ್ರದ ಪಿಸ್ಟನ್ನಿಗೆ ಸೆಣಬಿನ ಹುರಿಯನ್ನು ಸುತ್ತುತ್ತಿದ್ದರಂತೆ. ಇಷ್ಟೊಂದು ರಾಜರ ಹೆಸರುಗಳನ್ನು ಬಾಯಿಪಾಠ ಮಾಡಿದ ನನಗೆ ಈತನ ಹೆಸರು ಯಾವ ಪರೀಕ್ಷೆಯಲ್ಲೂ ಎದುರಾಗಲಿಲ್ಲ.

ಸಿಲಿಂಡರಿನ ಒಳಗೋಡೆ ಕನ್ನಡಿಯಂತೆ ಹೊಳೆಯುತ್ತಿತ್ತು. "ಎಷ್ಟು ಚೆನ್ನಾಗಿದೆ!" ಎಂದೆ. ಮೇಸ್ತ್ರಿ ನಕ್ಕರು. ಅದು ಹೊಳೆಯಬಾರದಂತೆ. ಅಡ್ಡಡ್ಡ ಸಣ್ಣ ಗೀರುಗಳಿದ್ದರೆ ಮಾತ್ರ ಎಣ್ಣೆ ತೆಳ್ಳಗೆ ನಿಂತು ಹೊಸ ಉಂಗುರ ಗೋಡೆಗೆ ಹೊಂದಿಕೊಳ್ಳುತ್ತದೆ. ಅಳೆದು ನೋಡಿ, ಎರಡು ಲೈನರುಗಳು ಇನ್ನೂ ನಡೆಯುತ್ತವೆಂದು ಅವಕ್ಕೆ ಕಲ್ಲಿನಿಂದ ಗೀರು ಹೊಡೆದರು. ಮೂರನೆಯದಕ್ಕೆ ಮಾತ್ರ ಹೊಸ ಲೈನರು, ಹೊಸ ಪಿಸ್ಟನ್ನು. ಮೂರಕ್ಕೂ ಹೊಸ ಉಂಗುರ. ಉಂಗುರಗಳ ಬಾಯಿಗಳು ಒಂದರ ಕೆಳಗೊಂದು ಬಾರದಂತೆ ತಿರುಗಿಸಿ ಕೂರಿಸುವ ಕೆಲಸವನ್ನು ನನಗೆ ಬಿಟ್ಟರು. ಕೊಳವೆಯೂ ಅದರ ಪಟ್ಟಿಗಳೂ ಹೊಸವು. ಒಟ್ಟು ಇಪ್ಪತ್ತಮೂರು ಸಾವಿರವಾಯಿತು. ಅಪ್ಪ ಎರಡು ಟಗರು ಮಾರಿದರು. ಉಳಿದದ್ದನ್ನು ಬಿತ್ತನೆಯ ಬಾಡಿಗೆಯಿಂದ ತೀರಿಸಿದರು. ಪೆಟ್ಟಿಗೆಯ ನಲವತ್ತು ಸಾವಿರ ಹಾಗೆಯೇ ಉಳಿಯಿತು.

ಬಾಣಂತಿಯನ್ನು ನೋಡಿಕೊಂಡಂತೆ ನಾಲ್ಕು ದಿನ ನೆರಳಲ್ಲಿ ಮೆಲ್ಲಗೆ ನಡೆಸೋಣವೆಂಬುದು ಅಪ್ಪನ ಅಭಿಪ್ರಾಯ. ಮೇಸ್ತ್ರಿ ಒಪ್ಪಲಿಲ್ಲ. ಕೆಲಸವಿಲ್ಲದೆ ಸುಮ್ಮನೆ ತಿರುಗಿದರೆ ಗೋಡೆ ಮತ್ತೆ ನುಣುಪಾಗುತ್ತದೆ, ಉಂಗುರ ಕೂರುವುದಿಲ್ಲ; ಅರ್ಧ ಭಾರ ಹೇರಿ ದುಡಿಸಿ, ಐವತ್ತು ಗಂಟೆಗೆ ಎಣ್ಣೆ ಬದಲಿಸಿ ಎಂದರು. ಅಪ್ಪ ಮನಸ್ಸಿಲ್ಲದ ಮನಸ್ಸಿನಿಂದ ಗುಂಟೆ ಕಟ್ಟಿದರು. ಮೊದಲ ಸಾಲಿನಲ್ಲಿ ಹೊಗೆ ಇತ್ತು. ಸಂಜೆಯ ಹೊತ್ತಿಗೆ ಕೊಳವೆಯ ಬಾಯಿಯಲ್ಲಿ ಬರಿಯ ಬಿಸಿಗಾಳಿ ನಡುಗುತ್ತಿತ್ತು.

ಈಗಲೂ ಬೆಳಗ್ಗೆ ಹೂಡುವಾಗ ಒಂದು ಬುಗ್ಗೆ ನೀಲಿ ಹೊಗೆ ಬರುವುದುಂಟು. ಸವೆದ ವಾಲ್ವ್ ಗೈಡುಗಳ ಸಂದಿನಿಂದ ರಾತ್ರಿ ಇಳಿದ ಎಣ್ಣೆ ಅದು. ಈ ಸಲ ಅದನ್ನು ಮುಟ್ಟಲಿಲ್ಲ. ನೋಟುಪುಸ್ತಕ ಕೊಟ್ಟಿಗೆಯ ಮೊಳೆಗೆ ತೂಗುಬಿದ್ದಿದೆ. ಅಪ್ಪನಿಗೆ ಸಹಿಯ ಹೊರತು ಬರೆಯಲು ಬಾರದು. ಒಂದು ಲೀಟರಿಗೆ ಒಂದು ಗೀಟು ಎಳೆಯುತ್ತಾರೆ. ಕಳೆದ ವಾರ ಊರಿಗೆ ಹೋದಾಗ ಎಣಿಸಿದೆ. ಸಂಕ್ರಾಂತಿಯಿಂದ ಈಚೆಗೆ ಎರಡು ಗೀಟು.