ಕಾಯುವ ಎಲೆ

ಯುಗಾದಿ ಬಂತೆಂದರೆ ನಂಜನಗೂಡು ತಾಲ್ಲೂಕಿನ ನಮ್ಮ ಹದಿನಾರಿನಲ್ಲಿ ಬೇವುಬೆಲ್ಲದಷ್ಟೇ ಇಸ್ಪೀಟಿಗೂ ಮರ್ಯಾದೆ. ಗಂಡಸರು ಜಗಲಿಯಲ್ಲಿ ದುಡ್ಡು ಕಟ್ಟಿ ಆಡಿದರೆ, ಹೆಂಗಸರಾದ ನಾವು ನಡುಮನೆಯಲ್ಲಿ ಹುಣಸೆಬೀಜ ಇಟ್ಟು ರಮ್ಮಿ ಆಡುತ್ತಿದ್ದೆವು. ಸೊಸೆಯಾಗಿ ಬಂದ ಹೊಸದರಲ್ಲಿ ನನಗೆ ಆಟ ಕಲಿಸಿದವರು ಚಿಕ್ಕತ್ತೆ. ಓದು ಬಾರದ ಅವರ ಲೆಕ್ಕ ನನ್ನ ಬಿ.ಎ., ಬಿ.ಇಡಿ.ಯನ್ನು ನಾಚಿಸುತ್ತಿತ್ತು.

ಒಮ್ಮೆ ನನ್ನ ಕೈಯಲ್ಲಿ ಆಟೀನು ಐದು, ಏಳು ಇದ್ದವು. ಆರು ಬಂದೇ ಬರುತ್ತದೆಂದು ಕಾದು ಕುಳಿತು ಸೋತೆ. ಚಿಕ್ಕತ್ತೆ ಎಲೆಗಳನ್ನು ಹರಡಿ ತೋರಿಸಿದರು.

“ಎರಡು ಕಟ್ಟು ಸೇರಿ ಆಟೀನು ಆರು ಇರೋದೇ ಎರಡು. ಒಂದನ್ನ ಆಗ್ಲೇ ಎಸೆದಿದ್ರು, ಇನ್ನೊಂದು ನನ್ನ ಕೈಲಿತ್ತು. ನಿನ್ನತ್ರ ಆರು, ಏಳು ಇದ್ದಿದ್ರೆ ಐದೂ ಆಗ್ತಿತ್ತು, ಎಂಟೂ ಆಗ್ತಿತ್ತು. ನಾಲ್ಕು ಎಲೆಗೆ ಕಾಯಬೌದು. ಎಲೆ ಎಣಿಸ್ಕೊಂಡು ಕಾಯ್ಬೇಕು ಕಣವ್ವ, ಆಸೆ ಎಣಿಸ್ಕೊಂಡಲ್ಲ.”

ಮೊದಲೇ ಎಲೆ ಕೆಳಗಿಟ್ಟರೆ 20 ಪಾಯಿಂಟು, ನಡುವೆ ಇಟ್ಟರೆ 40, ಕೊನೆತನಕ ಕೂತು ಸಿಕ್ಕಿಬಿದ್ದರೆ 80ರವರೆಗೆ. ಕಾಯುವುದಕ್ಕೂ ಬೆಲೆಯುಂಟೆಂದು ಅಂದು ತಿಳಿಯಿತು.

2024ರಲ್ಲಿ ನನ್ನ ಮೈದುನ ಮೊಬೈಲಿನಲ್ಲಿ ರಮ್ಮಿ ಆಡಿ ಸಾಲ ಮಾಡಿಕೊಂಡ. ಮೊದಲ ಸಲ ಕೇಳಿದಾಗ ನಲವತ್ತು ಸಾವಿರ ಕೊಟ್ಟೆ. ಎರಡನೆಯ ಸಲ ನನ್ನ ಬಳೆಗಳನ್ನು ಕೇಳಿಕೊಂಡು ಬಂದ.

“ಇದೊಂದು ಸಲ ಅತ್ತಿಗೆ. ಮೊದಲು ಕೊಟ್ಟಿದ್ದೂ ಬಂದುಬಿಡುತ್ತೆ. ರಮ್ಮಿ ಬುದ್ಧಿಯ ಆಟ ಅಂತ 1967ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ.”

“ಹೌದಪ್ಪ. ಎಲೆ ಯಾವಾಗ ಕೆಳಗಿಡಬೇಕು ಅಂತ ತಿಳಿಯೋದೂ ಆ ಬುದ್ಧಿಯೇ. ನಿನಗೆ ಬರೋ ಎಲೆ ಇನ್ನೆಷ್ಟಿವೆ, ಹೇಳು.”

ಅವನು ತಲೆ ತಗ್ಗಿಸಿದ. ಹೋದ ನಲವತ್ತು ಸಾವಿರ ನನ್ನನ್ನೂ ಎಳೆಯುತ್ತಿತ್ತು. ಆದರೆ ಹೋದದ್ದು ಬರುವ ಎಲೆಯನ್ನು ಹೆಚ್ಚಿಸುವುದಿಲ್ಲವಲ್ಲ! ಬಳೆ ಕೊಡಲಿಲ್ಲ. ನಾನೇ ಮಗ್ಗಿ ಹೇಳಿಕೊಟ್ಟು ಬೆಳೆಸಿದ ಹುಡುಗ, ಕಾಫಿಯನ್ನೂ ಮುಟ್ಟದೆ ಎದ್ದು ಹೋದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು ಒಪ್ಪಿಗೆ ಕೊಟ್ಟಿತು. ಕಾಯ್ದೆ ಆಟ ನಿಲ್ಲಿಸೀತು, ಸಾಲ ತೀರಿಸೀತೆ? ಅವನ ಮಗಳ ಫೀಸನ್ನು ನಾನೇ ಶಾಲೆಗೆ ಹೋಗಿ ಕಟ್ಟಿ ಬರುತ್ತೇನೆ. ಅವನಿಗೆ ಅದು ಗೊತ್ತು, ಆದರೂ ಮಾತಿಲ್ಲ.

ಅವನ ಒಂದು ಮಾತಿಗೆ ಕಾಯುತ್ತಿದ್ದೇನೆ. ಇದಕ್ಕೆ ಮಾತ್ರ ಎಷ್ಟು ಎಲೆ ಉಳಿದಿವೆಯೆಂದು ನಾನು ಎಣಿಸಿಲ್ಲ.