ಆಡಿಷನ್ ಕೊಟ್ಟು ಸೇರುವ ಸರ್ಕಾರಿ ಶಾಲೆ

ನ್ಯೂಯಾರ್ಕಿನ ಲಗ್ವಾರ್ಡಿಯಾ ಹೈಸ್ಕೂಲ್ ಅಂದರೆ ಜನ ಮೊದಲು ಹೇಳುವುದು ಅಲ್ಲಿ ಓದಿದ ತಾರೆಯರ ಹೆಸರು. ಜೆನಿಫರ್ ಆನಿಸ್ಟನ್, ನಿಕಿ ಮಿನಾಜ್, ಟಿಮೊಥಿ ಶಾಲಮೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅದು ಫೀಸಿಲ್ಲದ ಸರ್ಕಾರಿ ಶಾಲೆ ಅನ್ನುವುದು. 1936ರಲ್ಲಿ, ಮಹಾ ಆರ್ಥಿಕ ಕುಸಿತದ ಹೊತ್ತಿನಲ್ಲಿ, ಮೇಯರ್ ಫಿಯೊರೆಲ್ಲೊ ಲಗ್ವಾರ್ಡಿಯಾ ಸಂಗೀತ ಮತ್ತು ಚಿತ್ರಕಲೆಗೆಂದೇ ಒಂದು ಹೈಸ್ಕೂಲು ತೆರೆಸಿದರು. ಎಷ್ಟೋ ಮನೆಗಳಲ್ಲಿ ಊಟಕ್ಕೇ ತತ್ವಾರವಿದ್ದ ಕಾಲ. ಆಗಲೂ ಬಡವರ ಮಕ್ಕಳಿಗೆ ಪಿಟೀಲು, ಕುಂಚ ಬೇಕೇ ಬೇಕು ಅನ್ನಿಸಿತಲ್ಲ! ಆಮೇಲೆ ಹುಟ್ಟಿದ ನಟನೆ, ನೃತ್ಯದ ಶಾಲೆಯೂ ಇದರೊಂದಿಗೆ ಕೂಡಿ, 1984ರಿಂದ ಲಿಂಕನ್ ಸೆಂಟರ್ ಕಲಾಕೇಂದ್ರದ ಪಕ್ಕದ ಒಂದೇ ಕಟ್ಟಡದಲ್ಲಿ ನಡೆಯುತ್ತಿದೆ.

ಸೇರಲು ಆಡಿಷನ್ ಕೊಡಬೇಕು. ಸೀಟು ಸಿಕ್ಕಿತೆಂದು ಗಣಿತ, ವಿಜ್ಞಾನ ತಪ್ಪುವುದಿಲ್ಲ. ರಾಜ್ಯದ ರೀಜೆಂಟ್ಸ್ ಪರೀಕ್ಷೆಗೂ ಓದಬೇಕು, ದಿನವೂ ಸ್ಟುಡಿಯೊ ತರಗತಿಗಳಲ್ಲಿ ಬೆವರಲೂ ಬೇಕು. ಹದಿನೈದರ ವಯಸ್ಸಿಗೆ ಇದು ಸಣ್ಣ ಹೊರೆಯಲ್ಲ.

2019ರಲ್ಲಿ ಅಲ್ಲಿನ ವಿದ್ಯಾರ್ಥಿಗಳು ಶಾಲೆಯೊಳಗೇ ಧರಣಿ ಕೂತರು. ಕಲೆಯನ್ನು ಹಿಂದಕ್ಕೆ ತಳ್ಳಿ ಅಂಕಗಳಿಗೇ ಹೆಚ್ಚು ಬೆಲೆ ಕೊಡಲಾಗುತ್ತಿದೆ ಅನ್ನುವುದು ಅವರ ದೂರು. ರಜೆ ಕೊಡಿ ಎಂದಲ್ಲ, ಹಾಡಲು, ಕುಣಿಯಲು, ನಟಿಸಲು ನಮಗಿರುವ ಹೊತ್ತನ್ನು ಉಳಿಸಿಕೊಡಿ ಎಂದು ಕೇಳಿದ ಮಕ್ಕಳು ಅವರು. ಶಾಲೆಯ ಸಾಧನೆಗಳ ಪಟ್ಟಿಯಲ್ಲಿ ನಾನು ಅಲ್ಲಿ ಓದಿದವರ ಆಸ್ಕರ್‌ಗಿಂತ ಮೊದಲು ಆ ಧರಣಿಯನ್ನೇ ಬರೆಯುತ್ತೇನೆ.