ಎರಡು ಪರದೆ, ಒಂದು ಚಿತ್ರ

ನನ್ನ ಮೇಜಿನ ಮೇಲೆ ಎರಡು ಪರದೆಗಳಿವೆ. ಒಂದು ಲ್ಯಾಪ್‌ಟಾಪಿನದು, ಇನ್ನೊಂದು ಅದರ ಎಡಕ್ಕೆ ಎತ್ತರದ ಕಾಲಿನ ಮೇಲೆ ನಿಂತ ದೊಡ್ಡ ಮಾನಿಟರು. ಮನೆಗೆ ಬಂದ ನೆಂಟರು ಇದನ್ನು ಕಂಡು, ಕನ್ನಡದ ಮೇಷ್ಟರಿಗೆ ಇಷ್ಟೆಲ್ಲ ಏಕೆ, ಷೇರುಪೇಟೆಯ ವ್ಯವಹಾರವೇನಾದರೂ ಉಂಟೋ ಎಂದು ಕೇಳುವುದುಂಟು. ಇಲ್ಲವೆಂದರೆ ಅವರಿಗೆ ನಂಬಿಕೆಯಿಲ್ಲ. ಉಂಟೆಂದರೆ ಎಲ್ಲಿ ಸಾಲ ಕೇಳಿಯಾರೋ ಎಂದು ನನಗೆ ಅಂಜಿಕೆ.

ಎರಡನೆಯ ಪರದೆ ಬಂದದ್ದು 2020ರಲ್ಲಿ. ಕೋವಿಡ್ಡಿನ ದೆಸೆಯಿಂದ ಕಾಲೇಜು ಮುಚ್ಚಿ, ರಟ್ಟೀಹಳ್ಳಿಯ ಮನೆಯ ಪಡಸಾಲೆಯಲ್ಲಿ ಕುಳಿತೇ ಪಾಠ ಹೇಳಬೇಕಾಗಿ ಬಂದಿತ್ತು. ಇದ್ದದ್ದೊಂದೇ ಪರದೆ. ಪಂಪನ ಪುಟ ತೆರೆದರೆ ವಿದ್ಯಾರ್ಥಿಗಳು ಮಾಯ. ವಿದ್ಯಾರ್ಥಿಗಳನ್ನು ಕರೆದರೆ ಪಂಪ ಮಾಯ. ಇಬ್ಬರನ್ನೂ ಏಕಕಾಲಕ್ಕೆ ಎದುರಿಗೆ ಕೂರಿಸಿಕೊಳ್ಳಲು ಹಳೆಯ ಮಾನಿಟರೊಂದನ್ನು ಕೊಂಡು ತಂದೆ. ವಿಂಡೋಸ್ 98ರಲ್ಲಿಯೇ ಈ ಸೌಕರ್ಯವಿತ್ತೆಂದೂ ಮ್ಯಾಕಿಂಟಾಶ್ ಗಣಕಕ್ಕೆ 1987ರಷ್ಟು ಹಿಂದೆಯೇ ಹಲವು ಪರದೆಗಳನ್ನು ಜೋಡಿಸಬಹುದಾಗಿತ್ತೆಂದೂ ಆಮೇಲೆ ಓದಿ ತಿಳಿದೆ. ಆದರೆ ಕನ್ನಡ ಎಂ.ಎ. ಓದಿದವನಿಗೆ ಅದು ಹೊಸತೆನಿಸಲಿಲ್ಲ. ನಮ್ಮ ಹಳೆಯ ಕಡತಗಳನ್ನು ನೆನೆಯಿರಿ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿಟ್ಟ ಲೆಕ್ಕದ ಪುಸ್ತಕ ಅದು. ಬೇಕಾದರೆ ಒಂದು ಮಡಿಕೆ ತೆರೆ. ಬೇಡಿಕೆ ಹೆಚ್ಚಿದರೆ ನಾಲ್ಕು ತೆರೆ. ಕರಿಯ ನೆಲದ ಮೇಲೆ ಬಳಪದ ಬಿಳಿಯ ಅಕ್ಷರ. ನನ್ನ ವಿದ್ಯಾರ್ಥಿಗಳು ಇಂದು 'ಡಾರ್ಕ್ ಮೋಡ್' ಎಂದು ಬೀಗುವುದು ಇದಕ್ಕೇ.

ಅದಿರಲಿ. ನಾನು ಹೇಳಹೊರಟದ್ದು ಪರದೆಯ ಹಿನ್ನೆಲೆಯ ಚಿತ್ರದ ವಿಷಯ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಮನೆಯವರೆಲ್ಲ ಕದಂಬೇಶ್ವರ ದೇವಸ್ಥಾನದ ಮುಂದೆ ನಿಂತು ತೆಗೆಸಿಕೊಂಡ ಭಾವಚಿತ್ರವೊಂದಿದೆ. ಕುಮುದ್ವತಿಯ ದಂಡೆಯ ನಮ್ಮೂರಿಗೆ ಎರಡೇ ಹೆಮ್ಮೆ: ಹೈದರಾಲಿಗೂ ಪೇಶ್ವೆ ಮಾಧವರಾಯನಿಗೂ 1764ರಲ್ಲಿ ಇಲ್ಲಿ ಕಾಳಗವಾಯಿತೆಂಬುದೊಂದು, ಮೂರು ಗರ್ಭಗುಡಿಗಳ ಈ ತ್ರಿಕೂಟ ದೇವಾಲಯ ಇನ್ನೊಂದು. ಚಿತ್ರದಲ್ಲಿ ಎಡದಿಂದ ಅಕ್ಕ, ಅಜ್ಜಿ, ನಾನು, ಅವ್ವ, ಗೇಣು ದೂರ ಬಿಟ್ಟು ತಂದೆ, ಕೊನೆಗೆ ಸೋದರಮಾವ. ಅವ್ವ ತೀರಿಕೊಂಡು ಆರು ವರ್ಷವಾಯಿತು. ಆಕೆ ನಗುತ್ತಿರುವ ಚಿತ್ರ ಇದೊಂದೇ.

ಇದನ್ನು ಸ್ಕ್ಯಾನ್ ಮಾಡಿಸಿ ಎರಡೂ ಪರದೆಗಳ ಮೇಲೆ ಹರಡುವಂತೆ ಹಾಕಿದೆ. ಮಾನಿಟರಿನ ಅಗಲ 1920 ಚುಕ್ಕೆ, ಲ್ಯಾಪ್‌ಟಾಪಿನದು 1366. ಹಾಗಾಗಿ ಸಂದು ಬೀಳುವುದು ಚಿತ್ರದ ನಡುವಿಗಿಂತ ತುಸು ಬಲಕ್ಕೆ. ಅವ್ವ ನಿಂತದ್ದೂ ಸರಿಯಾಗಿ ಅಲ್ಲಿಯೇ! ಆಕೆಯ ಒಂದು ಕಣ್ಣು ಮಾನಿಟರಿನಲ್ಲಿ, ಇನ್ನೊಂದು ಲ್ಯಾಪ್‌ಟಾಪಿನಲ್ಲಿ, ಅದೂ ನಾಲ್ಕು ಬೆರಳು ಕೆಳಗೆ. ಸಾಲದ್ದಕ್ಕೆ ಗಣಕದ ಕಸದಬುಟ್ಟಿ ಅಕ್ಕನ ತಲೆಯ ಮೇಲೆ ಕುಳಿತಿತ್ತು.

ಬುಟ್ಟಿಯನ್ನು ಮರೆಮಾಡುವುದು ಸುಲಭವಾಯಿತು. ಮೇಲುಕೆಳಗಾದ ಕಣ್ಣನ್ನೂ ಸರಿಪಡಿಸಿದೆ. ಸೆಟ್ಟಿಂಗ್ಸಿನಲ್ಲಿ ಎರಡು ಪರದೆಗಳನ್ನು ಎರಡು ಚೌಕಗಳಾಗಿ ತೋರಿಸುತ್ತಾರೆ, ಒಂದನ್ನು ಕೆಳಕ್ಕೆ ಎಳೆದರಾಯಿತು. ತೊಡಕಾದದ್ದು ಚೌಕಟ್ಟಿನ ಪಟ್ಟಿ. ಗಣಕಕ್ಕೆ ಆ ಪಟ್ಟಿಯ ಅರಿವಿಲ್ಲ. ಅದರ ಪಾಲಿಗೆ ಒಂದು ಪರದೆ ಮುಗಿದಲ್ಲಿಯೇ ಇನ್ನೊಂದು ಮೊದಲು. ಆದ್ದರಿಂದ ಮುಖ ಎರಡು ಹೋಳಾಗಿ ದೂರ ಸರಿಯುತ್ತದೆ. ಪಟ್ಟಿಯಷ್ಟು ಭಾಗವನ್ನು ಲೆಕ್ಕಹಾಕಿ ಚಿತ್ರದಿಂದ ಕತ್ತರಿಸಿದರೆ ಹೋಳುಗಳು ಹೊಂದುತ್ತವೆ ನಿಜ. ಆದರೆ ಮೂಗು, ಮೂಗುತಿ, ಕುಂಕುಮ ಪಟ್ಟಿಯ ಹಿಂದೆ ಅಡಗಿಹೋಗುತ್ತವೆ. ಓಲೆಗರಿಯ ತ್ರುಟಿತ ಪದ್ಯವಾಗಿದ್ದರೆ ಊಹಿಸಿ ತುಂಬಿ ಕಂಸ ಹಾಕಬಹುದಿತ್ತು. ಅವ್ವನ ಮೂಗುತಿಗೆ ಪಾಠಾಂತರವೆಲ್ಲಿ?

ಪರದೆಗೊಂದರಂತೆ ಬೇರೆ ಬೇರೆ ಚಿತ್ರ ಹಾಕಬಹುದೆಂದು ಗೆಳೆಯರೊಬ್ಬರು ಸೂಚಿಸಿದರು. ಅವ್ವನನ್ನಷ್ಟೇ ಬಿಡಿಸಿ ತೆಗೆದು ನೋಡಿದೆ. ಆಕೆಯ ಸೆರಗನ್ನು ಹಿಡಿದ ನನ್ನ ಕೈಯೊಂದು ಮಣಿಕಟ್ಟಿನವರೆಗೆ ಉಳಿದುಕೊಂಡಿತು. ನೋಡಲಾಗದೆ ಅಳಿಸಿಬಿಟ್ಟೆ.

ಆಗ ಹೊಳೆಯಿತು ತಂದೆತಾಯಿಯರ ನಡುವಿನ ಆ ಗೇಣಗಲದ ದೂರ! ಹಿರಿಯರೆದುರು ಗಂಡಹೆಂಡಿರು ಅಂಟಿ ನಿಲ್ಲಬಾರದೆಂದಿದ್ದ ಕಾಲದ ಮರ್ಯಾದೆ ಇಂದು ಕೆಲಸಕ್ಕೆ ಬಂತು. ಚಿತ್ರವನ್ನು ತುಸು ಎಡಕ್ಕೆ ಸರಿಸಿದೆ. ಪಟ್ಟಿ ಬರಿಯ ಗೋಡೆಯ ಮೇಲೆ ಕುಳಿತಿತು, ಯಾರ ಕೂದಲೂ ಕೊಂಕಲಿಲ್ಲ. ಗೆದ್ದೆನೆಂದು ತಂದೆಯವರನ್ನು ಕರೆದು ತೋರಿಸಿದೆ.

ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಛಲೋ ಆಗೇತಿ," ಎಂದರು. ಬಾಗಿಲವರೆಗೆ ಹೋಗಿ ತಿರುಗಿ, "ನಮ್ಮಿಬ್ಬರ ನಡುವ ಗ್ವಾಡಿ ಕಟ್ಟೀಯಲ್ಲೋ ತಮ್ಮಾ," ಎಂದು ಹೊರಟುಹೋದರು.

ಆ ರಾತ್ರಿ ಚಿತ್ರವನ್ನು ಮತ್ತೆ ಬಲಕ್ಕೆ ಸರಿಸಿದೆ. ಈಗ ಪಟ್ಟಿ ನನ್ನ ಮೇಲೆ ಬಿದ್ದಿದೆ. ಒಂದು ಕಿವಿ ಅಜ್ಜಿಯ ಕಡೆ, ಇನ್ನೊಂದು ಅವ್ವನ ಕಡೆ. ಮೂಗು ಎರಡೂ ಕಡೆಗಿಲ್ಲ. ಹೈಸ್ಕೂಲಿನ ನನ್ನ ಮೂಗಿನಿಂದ ಲೋಕಕ್ಕೆ ನಷ್ಟವೇನೂ ಇಲ್ಲವೆಂದು ನನ್ನ ಹೆಂಡತಿಯ ಅಭಿಪ್ರಾಯ. ಅವ್ವ, ತಂದೆ, ನಡುವೆ ಅದೇ ಗೇಣು ದೂರ, ಎಲ್ಲವೂ ಲ್ಯಾಪ್‌ಟಾಪಿನಲ್ಲಿ ಒಟ್ಟಿಗಿವೆ.

ಆದರೆ ಹಿನ್ನೆಲೆಯ ಚಿತ್ರ ಕಾಣುವುದಾದರೂ ಯಾವಾಗ? ದಿನವಿಡೀ ಅದರ ಮೇಲೆ ನನ್ನ ಕಡತಗಳೇ ಹರಡಿರುತ್ತವೆ. ವಿಂಡೋಸ್ ಗುಂಡಿಯ ಜೊತೆಗೆ 'ಡಿ' ಒತ್ತಿದರೆ ಎರಡೂ ಪರದೆಗಳಲ್ಲಿ ತೆರೆದಿದ್ದೆಲ್ಲ ಇಳಿದು ಚಿತ್ರ ಮೇಲೆದ್ದು ಬರುತ್ತದೆಂದು ತಂದೆಯವರಿಗೆ ತೋರಿಸಿಕೊಟ್ಟೆ. ಅಂದಿನಿಂದ ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದು, "ಪರದೆ ಸರಸೋ," ಎನ್ನುತ್ತಾರೆ. ಅವರ ಬಾಯಲ್ಲಿ ಆ ಮಾತಿಗೆ ಹಳೆಯ ಅರ್ಥವೇ.

ಮೊನ್ನೆ ನಾನು ಆಂತರಿಕ ಪರೀಕ್ಷೆಯ ಅಂಕ ತುಂಬುತ್ತಿದ್ದೆ. ಅವರು ಬಂದವರೇ, ನನ್ನನ್ನು ಕೇಳದೆ, ಎರಡು ಬೆರಳಿಟ್ಟು ತಾವೇ ಒತ್ತಿದರು. ಅಂಕಪಟ್ಟಿ ಇಳಿದುಹೋಯಿತು. ನಾನು ಕುರ್ಚಿ ಬಿಟ್ಟುಕೊಟ್ಟು, ಚಹಾ ಆಯಿತೇ ಎಂದು ಕೇಳಲು ಒಳಗೆ ಹೋದೆ.